ನಿಧನ ವಾರ್ತೆಯಲ್ಲಿ ಹುಟ್ಟಿದ ಮಗಳು
ಕಂತು ಏಳು

“ಹನ್ನೊಂದು ಸಾವಿರ ಸಾವುಗಳಿವೆ ವಕೀಲರೇ ಆ ಜಾಲತಾಣದಲ್ಲಿ. ಅಷ್ಟರಲ್ಲಿ ನಿಮ್ಮ ಕಣ್ಣಿಗೆ ಬಿದ್ದದ್ದು ಒಂದೇ ಒಂದಾ?”

ಕರಡಕ್ಕ ನೋಟೀಸನ್ನು ಮೇಜಿನ ಮೇಲೆ ಬಿಡಿಸಿಟ್ಟು, ಅದರ ಮಡಿಕೆಗಳನ್ನು ಅಂಗೈಯಲ್ಲಿ ಒತ್ತಿ ಒತ್ತಿ ಸರಿಮಾಡಿದಳು. ಜಗಳಕ್ಕೆ ನಿಲ್ಲುವ ಮುಂಚೆ ತೋಳು ಮಡಚಿಕೊಳ್ಳುವವರಿದ್ದಾರೆ. ಇವಳು ಕಾಗದ ಸರಿಮಾಡಿಕೊಳ್ಳುತ್ತಾಳೆ.

ಪತ್ರಿಕೆಯ ವಕೀಲ ವಯಸ್ಸಿನಲ್ಲಿ ಚಿಕ್ಕವನು, ಕೋಟಿನಲ್ಲಿ ದೊಡ್ಡವನು. “ಒಂದರಿಂದ ಶುರು ಮಾಡಿದ್ದೀವಿ, ಅಷ್ಟೆ,” ಎಂದ. “ನಮ್ಮ ಪತ್ರಿಕೆ ಬರೆದದ್ದು ನಮ್ಮ ಸ್ವತ್ತು. ಅದನ್ನ ಅಕ್ಷರಕ್ಕೆ ಅಕ್ಷರ ಎತ್ತಿ ಇನ್ನೊಂದು ಕಡೆ ಹಾಕಿಕೊಂಡರೆ ಅದು ಕೃತಿಸ್ವಾಮ್ಯದ ಉಲ್ಲಂಘನೆ. ನಾಳೆ ಸಂಜೆ ಐದರೊಳಗೆ ತೆಗೀಲಿಲ್ಲ ಅಂದ್ರೆ ಆ ಜಾಲತಾಣವೇ ಇರೋದಿಲ್ಲ.”

ಹಳೆಯ ಸಂಚಿಕೆಗಳ ಕೋಣೆ ಅದು. ಕಬ್ಬಿಣದ ಕಪಾಟುಗಳಲ್ಲಿ ತಿಂಗಳಿಗೊಂದರಂತೆ ಬೈಂಡು ಮಾಡಿದ ಪತ್ರಿಕೆಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದವು. ಮೇಲಿನ ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಒಂದು ಚೌಕವಾಗಿ ಇಳಿದು, ಮೇಜಿನ ಮೇಲೆ ಕುಳಿತಿತ್ತು. ಈ ಕೋಣೆಯ ಹಳೇ ಗೋಂದಿನ ವಾಸನೆ ಕರಡಕ್ಕನಿಗೆ ತವರಿನ ವಾಸನೆ. ಹದಿನೆಂಟು ವರ್ಷ ಇದೇ ಪತ್ರಿಕೆಯ ಕರಡು ತಿದ್ದಿದವಳು. ಆ ಕೆಲಸಕ್ಕೆ ಯಂತ್ರ ಬಂದ ಮೇಲೆ ಆಚೆ ಬಿದ್ದು, ಕಳೆದುಹೋದ ನೆಂಟರನ್ನು ಹುಡುಕಿಕೊಡುವ ಕಸುಬು ಹಿಡಿದಳು. ಹೆಸರು ಮಾತ್ರ ಹಳೇ ಕೆಲಸದ್ದೇ ಅಂಟಿಕೊಂಡಿತು.

ಪಕ್ಕದಲ್ಲಿ ಕುಳಿತಿದ್ದವಳು ಗಡಿಯಾರದವಳು. ಬಸ್ ನಿಲ್ದಾಣದ ಎದುರು ಎರಡು ಹೆಜ್ಜೆ ಅಗಲದ ಅಂಗಡಿ, ಒಂದು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ನಲವತ್ತಮೂರು ವರ್ಷದ ಬದುಕು. ಸಾಕಿದ ತಾಯಿ ಒಬ್ಬ ನರ್ಸು. ಸಾಯುವಾಗ ಒಂದೇ ಮಾತು ಹೇಳಿದ್ದಳು: “ನೀನು ಡಾಕ್ಟರ ಮಗಳು. ಅವರು ಹೋದಾಗ ಪೇಪರಲ್ಲಿ ನೀನೂ ಬಂದಿದ್ದೆ.”

ಆ ಪೇಪರು ಸಿಕ್ಕಿದ್ದು ಮೇಷ್ಟ್ರ ಜಾಲತಾಣದಲ್ಲಿ. ನಿವೃತ್ತ ಭೂಗೋಳದ ಮೇಷ್ಟ್ರು ಹಳೆಯ ನಿಧನ ವಾರ್ತೆಗಳನ್ನು ಟೈಪು ಮಾಡಿ, ಊರಿನವರ ವಂಶವೃಕ್ಷ ಕಟ್ಟುತ್ತ ಕೂತವರು. ಪತ್ರಿಕೆಯಲ್ಲಿ ಮಸಿ ಚೆಲ್ಲಿದ್ದರೆ “ಇಲ್ಲಿ ಮಸಿ ಚೆಲ್ಲಿದೆ” ಎಂದೂ ಟೈಪು ಮಾಡುವಷ್ಟು ಪ್ರಾಮಾಣಿಕರು. ಅವರು ಹಾಕಿದ ಡಾಕ್ಟರ ನಿಧನ ವಾರ್ತೆಯ ಕೊನೆ ಹೀಗಿತ್ತು:

‘ಹಿಂದಿನ ರಾತ್ರಿಯವರೆಗೂ ರೋಗಿಗಳನ್ನು ನೋಡುತ್ತಿದ್ದ ಡಾಕ್ಟರು ನಿನ್ನೆ ಬೆಳಗಿನ ಜಾವ ಹಠಾತ್ ಹೃದಯಾಘಾತದಿಂದ ನಿಧನರಾದರು. ಪತ್ನಿ, ಇಬ್ಬರು ಗಂಡುಮಕ್ಕಳು ಮತ್ತು ಐದು ತಿಂಗಳ ಹೆಣ್ಣುಮಗುವನ್ನು ಅಗಲಿದ್ದಾರೆ.’

ಅಜ್ಜಿ ಕತೆಯ ರಾಕ್ಷಸ ತನ್ನ ಪ್ರಾಣವನ್ನು ಏಳು ಪೆಟ್ಟಿಗೆಯೊಳಗಿನ ದುಂಬಿಯಲ್ಲಿ ಬಚ್ಚಿಟ್ಟಿರುತ್ತಾನಲ್ಲ, ಹಾಗೆ ಈ ಹೆಂಗಸಿನ ಹುಟ್ಟು ಮೂರು ಪದಗಳೊಳಗೆ ಅಡಗಿತ್ತು. ಬೇರೆ ಯಾವ ದಾಖಲೆಯೂ ಇಲ್ಲ. ಡಾಕ್ಟರ ಗಂಡುಮಕ್ಕಳು “ನಮಗೆ ತಂಗಿಯೇ ಇರಲಿಲ್ಲ” ಎಂದು ಕೈತೊಳೆದುಕೊಂಡಿದ್ದರು. ರಕ್ತಪರೀಕ್ಷೆ ಎಂದರೆ ಕೋರ್ಟಿನ ದಾರಿ, ತಿಂಗಳುಗಟ್ಟಲೆ.

ಅಷ್ಟು ದಿನ ಇರಲಿಲ್ಲ. ಡಾಕ್ಟರ ಹೆಂಡತಿ ಶುಶ್ರೂಷಾಲಯದ ಹಾಸಿಗೆಯಲ್ಲಿದ್ದಳು. ಎಂಬತ್ತು ತುಂಬಿದ ಜೀವ. ನಾಳೆ ಸಂಜೆ ಗಂಡುಮಕ್ಕಳು ಅವಳನ್ನು ಬೇರೆ ಊರಿಗೆ ಸಾಗಿಸುವವರಿದ್ದರು. ಯಾವ ಊರೆಂದು ಹೇಳಿರಲಿಲ್ಲ. ಒಳಗೆ ಬಿಡಿ ಎಂದು ಬೇಡಿದರೆ ಅಲ್ಲಿನ ಮೇಲ್ವಿಚಾರಕಿ, “ಪತ್ರಿಕೆಯವರೇ ಆ ವಾರ್ತೆಗೆ ತಕರಾರು ತೆಗೆದಿದ್ದಾರಲ್ಲಮ್ಮ, ಮಗಳು ಅನ್ನೋದಕ್ಕೆ ಕಾಗದ ತೋರಿಸು, ಬಾಗಿಲು ನಾನೇ ತೆಗೀತೀನಿ” ಎಂದಿದ್ದಳು.

ಕರಡಕ್ಕನ ಫೋನು ಗುಂಯ್ ಎಂದಿತು. ಮೇಷ್ಟ್ರು.

“ಅಮ್ಮಾ, ತೆಗೆದುಬಿಡ್ಲಾ? ಒಂದರ ದೆಸೆಯಿಂದ ಹನ್ನೊಂದು ಸಾವಿರ ಜನ ಎರಡನೇ ಸಲ ಸಾಯ್ತಾರಲ್ಲ!”

“ನಾಳೆ ಐದು ಗಂಟೆವರೆಗೂ ನಿಮ್ಮ ಕೈ ನಿಮ್ಮ ಮಡಿಲಲ್ಲೇ ಇರಲಿ ಮೇಷ್ಟ್ರೇ. ಏನನ್ನೂ ಮುಟ್ಟಬೇಡಿ.”

ಫೋನಿಟ್ಟು ವಕೀಲನ ಕಡೆ ತಿರುಗಿದಳು. “ಸರಿ. ಅಕ್ಷರ ನಿಮ್ಮದು ಅಂತೀರಿ. ಸಂಗತಿ?”

“ಸಂಗತಿಗೆ ಯಾರೂ ಒಡೆಯರಲ್ಲ,” ವಕೀಲ ಉದಾರವಾಗಿ ಕೈ ಬೀಸಿದ. “ಯಾರು ಸತ್ತರು, ಯಾವತ್ತು ಸತ್ತರು, ನಿಮ್ಮ ಮಾತಲ್ಲಿ ಬರ್ಕೊಳ್ಳಿ. ಪತ್ರಿಕೆಯ ವಾಕ್ಯ ಬೇಡ, ಚಿತ್ರ ಬೇಡ. ಅದಕ್ಕೆ ನಮ್ಮದೇನೂ ಅಡ್ಡಿಯಿಲ್ಲ.”

“ಹಾಗಾದರೆ ಮೇಷ್ಟ್ರು ಈಗಲೇ ಆ ವಾಕ್ಯ ತೆಗೆದು, ‘ಡಾಕ್ಟರಿಗೆ ಒಬ್ಬಳು ಮಗಳಿದ್ದಳು’ ಅಂತ ಅವರ ಮಾತಲ್ಲಿ ಬರೀತಾರೆ. ಮುಗೀತಲ್ಲ?”

“ಮುಗಿಯಲ್ಲ.” ವಕೀಲ ನಕ್ಕ. ಆ ನಗೆಯನ್ನು ಅವನು ಬೆಳಗಿನಿಂದ ಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದ ಹಾಗಿತ್ತು. “ಯಾಕಂದ್ರೆ ಅದು ಸಂಗತಿಯಲ್ಲ. ನೀವೇ ಹೇಳಿ ಸರ್.”

ಆಗ ಕಪಾಟಿನ ನೆರಳಿನಲ್ಲಿದ್ದ ಕುರ್ಚಿ ಕಿರುಗುಟ್ಟಿತು.

ಅಲ್ಲಿ ಕುಳಿತಿದ್ದವರು ಚಿತ್ರಗುಪ್ತರು. ನಲವತ್ತು ವರ್ಷ ಊರಿನ ಸಾವುಗಳನ್ನೆಲ್ಲ ಬರೆದ ಹಿರಿಯರಿಗೆ ಕಚೇರಿ ಇಟ್ಟ ಹೆಸರು ಅದು. ನಿವೃತ್ತಿಯಾದರೂ ಮನೆಗೆ ಹೋಗದೆ ಈ ಕೋಣೆಯ ಕಾವಲಿಗೆ ಉಳಿದುಕೊಂಡಿದ್ದರು. ಕರಡಕ್ಕನಿಗೆ ಅಲ್ಪವಿರಾಮದ ಮರ್ಯಾದೆ ಕಲಿಸಿದವರೇ ಇವರು. ಅವಳು ಬಂದಾಗಿನಿಂದ ಅವರು ಅವಳ ಮುಖ ನೋಡಿರಲಿಲ್ಲ.

“ಮುಳ್ಳು,” ಎಂದರು ಅವರು.

ಗಡಿಯಾರದವಳಿಗೆ ಅರ್ಥವಾಗಲಿಲ್ಲ. ಕರಡಕ್ಕನಿಗೆ ಅರ್ಥವಾಯಿತು. ನೋಟೀಸಿನ ಮಡಿಕೆಗಳನ್ನು ಮತ್ತೆ ಒತ್ತತೊಡಗಿದಳು.

“ಆಗಿನ ಕಾಲದಲ್ಲಿ ನಮ್ಮ ನಿಧನ ವಾರ್ತೆಗಳನ್ನ ಎದುರು ಪತ್ರಿಕೆಯವರು ಕದೀತಿದ್ದರಮ್ಮ,” ವಕೀಲ ಗಡಿಯಾರದವಳಿಗೆ ಪಾಠ ಹೇಳುವಂತೆ ಬಿಡಿಸಿದ. “ಕಳ್ಳನ್ನ ಹಿಡಿಯೋಕೆ ಇವರು ಅಲ್ಲಲ್ಲಿ ಒಂದು ಸುಳ್ಳು ಸೇರಿಸೋರು. ಇಲ್ಲದ ಒಬ್ಬ ನೆಂಟ. ಅದಕ್ಕೆ ಕಚೇರಿಯಲ್ಲಿ ಬೇಲಿಮುಳ್ಳು ಅಂತಿದ್ದರು. ಮಾರನೇ ದಿನ ಆ ನೆಂಟ ಎದುರು ಪತ್ರಿಕೇಲೂ ಪ್ರತ್ಯಕ್ಷ ಆದರೆ, ಕಳ್ಳತನ ಸಾಬೀತು. ಡಾಕ್ಟರ ವಾರ್ತೆಯಲ್ಲಿ ಹಾಕಿದ ಮುಳ್ಳು ಯಾವುದು ಗೊತ್ತಾ?”

ವಕೀಲ ನೋಟೀಸಿಗೆ ಅಂಟಿಸಿದ್ದ ಜೆರಾಕ್ಸಿನ ಕೊನೇ ಸಾಲಿನ ಮೇಲೆ ಬೆರಳಿಟ್ಟ.

“ಐದು ತಿಂಗಳ ಹೆಣ್ಣುಮಗು. ಆ ಮಗು ನಿಜವಾಗಿದ್ದರೆ ಅದು ಯಾರ ಸ್ವತ್ತೂ ಅಲ್ಲ. ಆದರೆ ಅದು ನಾವು ಕಟ್ಟಿದ ಕತೆ. ಕತೆ ಅಂದಮೇಲೆ ಅದು ನಮ್ಮ ಸ್ವತ್ತು.”

ಗಡಿಯಾರದವಳು ನಿಧಾನವಾಗಿ ತನ್ನ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು, ಅವು ಇನ್ನೂ ಇವೆಯೋ ಇಲ್ಲವೋ ಎಂಬಂತೆ ನೋಡಿಕೊಂಡಳು.

“ಅಂದ್ರೆ ಸರ್,” ಎಂದಳು, “ನಾನು ನಿಮ್ಮ ಪತ್ರಿಕೆಯವರು ಬರೆದದ್ದಾ? ಇಷ್ಟು ಚೆನ್ನಾಗಿ ಬರೆಯೋರು ಇನ್ನೂ ಸ್ವಲ್ಪ ಎತ್ತರ ಬರೀಬಹುದಿತ್ತಲ್ಲ. ಮೇಲಿನ ಗೂಡಿನ ಗಡಿಯಾರ ತೆಗೆಯೋಕೆ ಈಗಲೂ ಸ್ಟೂಲು ಹಾಕ್ಕೋಬೇಕು.”

ವಕೀಲನ ನಗೆ ಒಂದು ಕ್ಷಣ ದಾರಿ ತಪ್ಪಿತು.

“ಪುಸ್ತಕ ತೋರಿಸಿ,” ಎಂದಳು ಕರಡಕ್ಕ.

ಚಿತ್ರಗುಪ್ತರು ಅಂಗೈಯಗಲದ ನೋಟುಪುಸ್ತಕವನ್ನು ಬಿಸಿಲಿನ ಚೌಕದೊಳಕ್ಕೆ ದೂಡಿದರು. ಮುಳ್ಳಿನ ಪುಸ್ತಕ. ಹಾಕಿದ ಪ್ರತಿ ಸುಳ್ಳಿಗೂ ಒಂದು ಸಾಲು: ತಾರೀಕು, ಯಾರ ವಾರ್ತೆ, ಯಾವ ಮುಳ್ಳು. ಕರಡಕ್ಕ ಬೆರಳಿಟ್ಟು ಓದಿದಳು. ಬೇಕರಿಯವನಿಗೆ ದೂರದ ಊರಿನಲ್ಲಿ ಒಬ್ಬ ಸೋದರಳಿಯ. ಅಂಚೆ ಪೇದೆಗೆ ಹಡಗಿನಲ್ಲಿ ಕೆಲಸ ಮಾಡುವ ಷಡ್ಡಕ. ಸಂಗೀತದ ಮೇಡಮ್ಮಿಗೆ ಒಬ್ಬ ಶಿಷ್ಯ. ಮತ್ತೆ, ಪೇದೆಯ ಸಾಲಿಗೂ ಮೇಡಮ್ಮಿನ ಸಾಲಿಗೂ ನಡುವೆ ಇಕ್ಕಟ್ಟಾಗಿ: ‘14 — ಡಾಕ್ಟರು — ಹೆಣ್ಣುಮಗು.’

ಅಕ್ಷರ ಚಿತ್ರಗುಪ್ತರದ್ದೇ. ಆ ಬಾಲ ಬಿಟ್ಟ ‘ಗು’ ಬೇರೆ ಯಾರಿಗೂ ಬರುವುದಿಲ್ಲ ಎನ್ನುವಂಥ ಅಕ್ಷರ.

ಅವಳು ಎದ್ದು ಆ ತಿಂಗಳ ಬೈಂಡನ್ನು ಕಪಾಟಿನಿಂದ ಎಳೆದಳು. ಧೂಳು ಎದ್ದು ಬಿಸಿಲಿನಲ್ಲಿ ಕುಣಿಯಿತು. ಬೇಕರಿಯವನ ವಾರ್ತೆ ಹುಡುಕಿದಳು. ಪುಸ್ತಕದಲ್ಲಿ ಮೂರನೇ ತಾರೀಕು. ಪತ್ರಿಕೆಯಲ್ಲಿ ಬಂದದ್ದು ನಾಲ್ಕನೇ ತಾರೀಕು. ಅಂಚೆ ಪೇದೆ: ಪುಸ್ತಕದಲ್ಲಿ ಎಂಟು, ಪತ್ರಿಕೆಯಲ್ಲಿ ಒಂಬತ್ತು. ಸಂಗೀತದ ಮೇಡಮ್ಮು: ಹದಿನೇಳು, ಹದಿನೆಂಟು.

“ವಕೀಲರೇ, ಪತ್ರಿಕೆಯವರಿಗೆ ಒಂದು ಕಾಯಿಲೆ ಇರುತ್ತೆ,” ಎಂದಳು. “ನಾಳಿನ ಪತ್ರಿಕೆಯನ್ನ ಇವತ್ತು ಮಾಡ್ತೀವಲ್ಲ, ಮಾಡಿದ ದಿನದ ತಾರೀಕನ್ನೇ ಬರ್ಕೊಳ್ತೀವಿ. ಪುಸ್ತಕದ ತಾರೀಕು ಯಾವತ್ತೂ ಪತ್ರಿಕೆಗಿಂತ ಒಂದು ದಿನ ಹಿಂದೆ ಇರಬೇಕು. ಡಾಕ್ಟರ ವಾರ್ತೆ ಅಚ್ಚಾಗಿದ್ದು ಹದಿನಾಲ್ಕಕ್ಕೆ. ಪುಸ್ತಕದಲ್ಲಿ ಹದಿಮೂರು ಇರಬೇಕಿತ್ತು. ಹದಿನಾಲ್ಕು ಅಂತಿದೆ.”

“ಏನೀಗ? ಕೈ ತಪ್ಪಿರುತ್ತೆ.”

“ಇವರ ಕೈಯಾ? ತಾರೀಕು ತಪ್ಪಿಸಿದ್ದಕ್ಕೆ ನನ್ನನ್ನ ಒಂದು ಸಲ ಮೂರು ದಿನ ಮಾತಾಡಿಸಿರಲಿಲ್ಲ ಇವರು! ಅಚ್ಚಾದ ಪತ್ರಿಕೆ ಮುಂದಿಟ್ಟುಕೊಂಡು, ಅದರ ನೆತ್ತಿ ಮೇಲಿನ ತಾರೀಕು ನೋಡಿ, ಆಮೇಲೆ ಬರೆದ ಸಾಲು ಇದು.”

ಹೇಳುತ್ತಿದ್ದಂತೆ ಅವಳಿಗೆ ಇನ್ನೊಂದು ಹೊಳೆಯಿತು. ಇವರು ಇಂಥ ತಪ್ಪು ಮಾಡುವವರಲ್ಲ. ಮಾಡಿದ್ದರೆ, ಬೇಕೆಂದೇ ಮಾಡಿರಬೇಕು. ಯಾರೋ ಮೇಲೆ ನಿಂತು ಬರೆಸಿದ್ದಾರೆ. ಬರೆಯುತ್ತ ಬರೆಯುತ್ತ ಮುದುಕ ತನ್ನ ಪುಸ್ತಕದೊಳಗೇ ಒಂದು ಮುಳ್ಳು ಊರಿದ್ದಾನೆ. ಅದು ಚುಚ್ಚುವುದು ಒಬ್ಬಳಿಗೆ ಮಾತ್ರ ಎಂದು ಗೊತ್ತಿದ್ದೇ ಊರಿದ್ದಾನೆ.

ಅವಳು ತಲೆ ಎತ್ತಿದಳು. ಚಿತ್ರಗುಪ್ತರು ಮೊದಲ ಬಾರಿಗೆ ಅವಳನ್ನೇ ನೋಡುತ್ತಿದ್ದರು. ಕನ್ನಡಕದ ಹಿಂದಿನ ಕಣ್ಣುಗಳು ಒದ್ದೆಯಾಗಿದ್ದವೋ, ಅವಕ್ಕೆ ವಯಸ್ಸಾಗಿತ್ತೋ.

ಬೆನ್ನು ಇನ್ನಷ್ಟು ನೆಟ್ಟಗಾಯಿತು ಕರಡಕ್ಕನದು.

“ಇನ್ನೂ ಇದೆ ಕೇಳಿ. ಮುಳ್ಳು ಊರೋಕೆ ಎರಡು ಕಟ್ಟಳೆ ಇತ್ತು ಇಲ್ಲಿ. ಹೆಂಡತಿ, ಮಕ್ಕಳು, ಹೆತ್ತವರ ತಂಟೆಗೆ ಹೋಗೋ ಹಾಗಿಲ್ಲ, ಹತ್ತಿರದವರಿಗೆ ನೋವಾಗುತ್ತೆ. ಅದಕ್ಕೇ ನೋಡಿ, ಪುಸ್ತಕದ ತುಂಬ ಷಡ್ಡಕಂದಿರು, ಸೋದರಳಿಯಂದಿರು. ಎರಡನೇದು, ಕೌಂಟರಿನ ವಾರ್ತೆಗೆ ಮುಳ್ಳಿಲ್ಲ. ಮನೆಯವರೇ ಬರೆದು ಕೌಂಟರಿನಲ್ಲಿ ಕೊಟ್ಟದ್ದನ್ನ ಇದ್ದ ಹಾಗೇ ಹಾಕಬೇಕು. ಹೌದಲ್ಲ ಸರ್?”

ಚಿತ್ರಗುಪ್ತರು ತಲೆಯಾಡಿಸಿದರು, ಹೌದೆಂದೋ, ಸುಮ್ಮನೆ ನಡುಗಿದ್ದೋ ತಿಳಿಯದ ಹಾಗೆ.

“ಇದು ಕೌಂಟರಿಂದು ಅಂತ ಯಾರು ಹೇಳಿದ್ದು?” ವಕೀಲ ಮುಂದೆ ಬಾಗಿದ.

ಕರಡಕ್ಕ ಚೀಲದಿಂದ ಮೇಷ್ಟ್ರ ಟೈಪಿನ ಪ್ರತಿ ತೆಗೆದಳು. ವಾರ್ತೆಯ ಕೆಳಗೆ, ಯಾರೂ ಗಮನಿಸದ ಜಾಗದಲ್ಲಿ, ಮೇಷ್ಟ್ರು ಅರ್ಥವಾಗದೆಯೂ ನಿಷ್ಠೆಯಿಂದ ಟೈಪು ಮಾಡಿದ್ದರು: ‘ಕೌ. 17’.

“ನೀವು ನೋಟೀಸಿಗೆ ಅಂಟಿಸಿರೋ ಜೆರಾಕ್ಸಿನಲ್ಲಿ ಇದಿಲ್ಲ. ಕೊನೇ ಸಾಲಿನ ಕೆಳಗೇ ಕಾಗದ ಮುಗಿದುಹೋಗಿದೆ. ಈಗ ಬೈಂಡು ನೋಡೋಣ.”

ಹದಿನಾಲ್ಕನೇ ತಾರೀಕಿನ ಪುಟ. ಡಾಕ್ಟರ ಕಪ್ಪುಬಿಳುಪು ಮುಖ, ಕೆಳಗೆ ವಾರ್ತೆ, ಅದರ ಕೆಳಗೆ ಹೊಲಿಗೆಯ ದಾರದ ಮಗ್ಗುಲಲ್ಲಿ ಇರುವೆಯಷ್ಟು ಅಕ್ಷರ. ಗಡಿಯಾರದವಳು ಅಭ್ಯಾಸಬಲದಿಂದ ಜೇಬಿನ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಬಾಗಿದಳು.

“ಕೌ. ಹದಿನೇಳು,” ಎಂದಳು.

“ಕೌಂಟರಿನಲ್ಲಿ ಬಂದ ಹದಿನೇಳನೇ ಕಾಗದ,” ಎಂದಳು ಕರಡಕ್ಕ. “ಬರೆದದ್ದು ಪತ್ರಿಕೆಯಲ್ಲ, ಮನೆಯವರು. ನೀವು ಅಚ್ಚು ಹಾಕಿದಿರಿ, ಅಷ್ಟೆ. ಮದುವೆ ಕಾಗದ ಅಚ್ಚು ಹಾಕಿದವನು ಮದುಮಗಳ ಮೇಲೆ ಹಕ್ಕು ಕೇಳಿದ ಹಾಗಾಯ್ತು ನಿಮ್ಮ ನೋಟೀಸು. ಬರೆದವರು ಬಂದು ತೆಗೀರಿ ಅನ್ನಲಿ, ತೆಗೀತೀವಿ.”

ವಕೀಲ ಕೋಟಿನ ಗುಂಡಿ ಹಾಕಿಕೊಂಡ.

“ಬರೆದವರು ಯಾರು ಅನ್ನೋದಕ್ಕೆ ಕೌಂಟರಿನ ಅರ್ಜಿ ಬೇಕು. ಅದರಲ್ಲಿ ಸಹಿ ಬೇಕು. ಆ ಅರ್ಜಿಗಳನ್ನೆಲ್ಲ ಸುಟ್ಟು ಇಪ್ಪತ್ತು ವರ್ಷ ಆಯ್ತು. ನೀವು ಇರುವೆಯಷ್ಟು ಅಕ್ಷರ ಹಿಡ್ಕೊಂಡು ನ್ಯಾಯಾಧೀಶರ ಮುಂದೆ ನಿಲ್ಲಿ, ನಾನು ಪುಸ್ತಕ ಹಿಡ್ಕೊಂಡು ನಿಲ್ತೀನಿ. ನೋಡೋಣ.” ಫೋನು ತೆಗೆದ. “ಮೇಲಿನವರಿಗೆ ಒಂದು ಮಾತು ಹೇಳಿ ಬರ್ತೀನಿ.”

ಮೇಲಿನವರು ಎಂದರೆ ಯಾರೆಂದು ಇಬ್ಬರು ಹೆಂಗಸರಿಗೂ ಗೊತ್ತಿತ್ತು. ಪತ್ರಿಕೆಯ ಆಡಳಿತ ಮಂಡಳಿಯಲ್ಲಿ ಎರಡು ವರ್ಷದಿಂದ ಕುಳಿತಿದ್ದವನು ಡಾಕ್ಟರ ಹಿರಿಯ ಮಗ.

ಬೂಟಿನ ಸದ್ದು ಮೆಟ್ಟಿಲೇರಿ ಮರೆಯಾಯಿತು.

ಚಿತ್ರಗುಪ್ತರು ಎದ್ದರು. ಎಪ್ಪತ್ತು ದಾಟಿದ ಮಂಡಿಗಳು ಒಂದೊಂದಾಗಿ ದೂರು ಹೇಳಿದವು. ಅಂಗಿಯೊಳಗಿನ ದಾರದಿಂದ ಒಂದು ಬೀಗದ ಕೈ ಎಳೆದರು.

“ಸುಡೋಕೆ ಹೇಳಿದ್ದು ನಿಜ,” ಎಂದರು. “ಆ ವರ್ಷದ ಒಂದು ಡಬ್ಬ ಮಾತ್ರ ಬೆಂಕಿಗೆ ಹೋಗಲಿಲ್ಲ.”

“ಪುಸ್ತಕದಲ್ಲಿ ಬರೆಸಿದ್ದು ಆ ಹಿರಿಯ ಮಗನೇನಾ ಸರ್?”

“ಹೋದ ವಾರ. ಬರೀರಿ, ಇಲ್ಲ ಅಂದ್ರೆ ಈ ಕೋಣೆ ಖಾಲಿ ಮಾಡಿ ಅಂದ. ಎಲ್ಲಿಗೆ ಹೋಗ್ಲಿ ಮಗಳೇ? ಬರೆದೆ. ತಾರೀಕು ನೋಡೋ ಕಣ್ಣು ಇನ್ನೂ ನಿನಗಿರುತ್ತೆ ಅಂತ ನಂಬಿ ಬರೆದೆ.” ಬೀಗದ ಕೈ ಅವರ ಅಂಗೈಯಲ್ಲೇ ಉಳಿಯಿತು. “ಆದರೆ ಆ ಡಬ್ಬ ತೆಗೆಯೋಕೆ ಮುಂಚೆ ಯೋಚನೆ ಮಾಡು. ಒಳಗಿರೋದನ್ನ ನೋಡಿದ ಮೇಲೆ ನೋಡಲಿಲ್ಲ ಅನ್ನೋಕಾಗಲ್ಲ. ಆವತ್ತು ಪುಟವನ್ನ ಅಚ್ಚಿಗೆ ಇಳಿಸೋ ಹೊತ್ತಾಗಿತ್ತು. ನನ್ನ ಬಾಯಿಗೆ ಒಂದು ಪ್ರಶ್ನೆ ಬಂತು. ಬೆಳಗ್ಗೆ ಕೇಳಿದರಾಯ್ತು ಅಂದುಕೊಂಡೆ. ಆ ಬೆಳಗ್ಗೆ ಬರಲೇ ಇಲ್ಲ. ನಲವತ್ತಮೂರು ವರ್ಷ ಆಯ್ತು.”

ಕರಡಕ್ಕ ಗಡಿಯಾರದವಳ ಕಡೆ ನೋಡಿದಳು. ನಿರ್ಧಾರ ಅವಳದ್ದು.

“ತೆಗೀರಿ,” ಎಂದಳು ಗಡಿಯಾರದವಳು. “ನಿಂತುಹೋದ ಗಡಿಯಾರವನ್ನ ಬಿಚ್ಚದೆ ವಾಪಸು ಕೊಟ್ಟೋಳಲ್ಲ ನಾನು. ನಾಳೆ ಅಮ್ಮ ಹೋಗಿಬಿಡ್ತಾರೆ. ಒಳಗೆ ಹಾವಿದ್ದರೂ ಸರಿ, ತೆಗೀರಿ ಅಜ್ಜ.”

ತಗಡಿನ ಡಬ್ಬ ಕೆಳಗಿನ ಗೂಡಿನ ಹಿಂದುಗಡೆ ಇತ್ತು. ಬೀಗ ಒಂದು ಸಲ ಹಠ ಹಿಡಿದು, ಆಮೇಲೆ ಕಟ್ ಎಂದಿತು. ದಿನಕ್ಕೊಂದು ಕಟ್ಟು, ಕಟ್ಟಿಗೊಂದು ನೂಲು. ಹದಿನಾಲ್ಕನೇ ತಾರೀಕಿನ ಕಟ್ಟಿನಲ್ಲಿ ಕರಡಕ್ಕನ ಬೆರಳು ಎಣಿಸುತ್ತ ಹೋಯಿತು. ಹದಿನೈದು, ಹದಿನಾರು.

ಹದಿನೇಳು.

ಹಳದಿಯಾದ ಅರ್ಜಿ. ನೀಲಿ ಶಾಯಿ, ಗುಂಡು ಅಕ್ಷರ, ಒಂದು ಕಡೆಯೂ ತಿದ್ದಿಲ್ಲ. ಅಚ್ಚಾದ ವಾರ್ತೆಯೇ ಪದಕ್ಕೆ ಪದ: ಹಿಂದಿನ ರಾತ್ರಿಯವರೆಗೂ ರೋಗಿಗಳು, ಬೆಳಗಿನ ಜಾವ, ಹಠಾತ್ ಹೃದಯಾಘಾತ. ‘ಐದು ತಿಂಗಳ ಹೆಣ್ಣುಮಗು’ ಎಂಬಲ್ಲಿ ಕೆಳಗೆ ಎರಡು ಗೆರೆ. ಪ್ರಕಟವಾಗಬೇಕಾದ ದಿನ: ಹದಿನಾಲ್ಕು. ಸಹಿ. ಸಹಿಯ ಪಕ್ಕದಲ್ಲಿ, ಮೃತರಿಗೆ ಏನಾಗಬೇಕು ಎಂಬ ಕಡೆ: ಪತ್ನಿ.

“ಅಮ್ಮ!” ಗಡಿಯಾರದವಳು ಕಾಗದ ಮುಟ್ಟಲಿಲ್ಲ, ಅದರ ಮೇಲಿನ ಗಾಳಿಯನ್ನು ಮಾತ್ರ ಸವರಿದಳು. “ಎರಡು ಗೆರೆ ಹಾಕಿದಾರೆ ನೋಡಿ ಅಕ್ಕ. ನಾನು ಬಿಟ್ಟುಹೋಗಬಾರದು ಅಂತ ಎರಡೆರಡು ಗೆರೆ ಹಾಕಿದಾರೆ. ನನ್ನನ್ನ ಬರೆದದ್ದು ಪತ್ರಿಕೆಯಲ್ಲ. ನಮ್ಮಮ್ಮ.”

ಅವಳ ಕಣ್ಣೀರು ಮೇಜಿನ ಮೇಲೆ ಬಿತ್ತು. ಕರಡಕ್ಕ ಅರ್ಜಿಯನ್ನು ಒದ್ದೆಯಾಗದಂತೆ ಈಚೆ ಎಳೆದುಕೊಂಡಳು. ಗೆದ್ದೆವು. ಇದೊಂದನ್ನು ಹಿಡಿದು ಶುಶ್ರೂಷಾಲಯದ ಬಾಗಿಲಿಗೆ ಹೋದರೆ ಸಾಕು. ನೋಟೀಸು ಕಸದ ಬುಟ್ಟಿಗೆ, ಮಗಳು ತಾಯಿಯ ಹಾಸಿಗೆ ಪಕ್ಕಕ್ಕೆ.

ಕರಡು ತಿದ್ದುವವರು ಓದಿ ಮುಗಿಸಿದ ಮೇಲೆ ಒಂದು ಸಲ ಕೆಳಗಿನಿಂದ ಮೇಲಕ್ಕೂ ಓದುತ್ತಾರೆ. ಅರ್ಥ ಅಡ್ಡ ಬರದಿದ್ದಾಗ ತಪ್ಪು ತಾನೇ ಕಾಣಿಸುತ್ತದೆ. ಅವಳ ಕಣ್ಣು ಸಹಿಯಿಂದ ಮೇಲೇರಿ, ಎರಡು ಗೆರೆ ದಾಟಿ, ಅರ್ಜಿಯ ಬಲಮೂಲೆಗೆ ಬಂದು ನಿಂತಿತು. ಅಲ್ಲಿ ಕೌಂಟರಿನ ನೇರಳೆ ಮೊಹರು. ದುಂಡಗೆ, ಸ್ಪಷ್ಟವಾಗಿ.

ಕರಡಕ್ಕನ ಹೆಬ್ಬೆರಳು ತಾನಾಗಿಯೇ ಹೋಗಿ ಅದನ್ನು ಮುಚ್ಚಿತು.

“ಕೌಂಟರಿನ ಹುಡುಗಿ ಪದ ಎಣಿಸ್ತಿದ್ದಳೇ ಹೊರತು ಓದ್ತಿರಲಿಲ್ಲ,” ಚಿತ್ರಗುಪ್ತರು ಗೋಡೆಗೆ ಹೇಳಿದರು. “ಮೊಹರು ಮಾತ್ರ ಕರಾರುವಾಕ್ಕಾಗಿ ಒತ್ತೋಳು. ಬಂದ ದಿನ, ಬಂದ ಗಂಟೆ.”

ಮೆಟ್ಟಿಲ ಮೇಲೆ ಬೂಟಿನ ಸದ್ದು. ಈ ಸಲ ಒಂದು ಜೊತೆಯಲ್ಲ, ಎರಡು. ವಕೀಲ ಯಾರನ್ನೋ ಕರೆದುಕೊಂಡೇ ಇಳಿಯುತ್ತಿದ್ದ.

“ಮಡಚಿ ಚೀಲಕ್ಕೆ ಹಾಕ್ಕೊಳ್ಳೋಣ,” ಎಂದಳು ಕರಡಕ್ಕ. ಅವಳ ದನಿ ಅವಳಿಗೇ ಬೇರೆಯವರದ್ದೆನಿಸಿತು. “ಆಚೆ ಹೋಗಿ ಮಾತಾಡೋಣ. ಬಾ.”

ಗಡಿಯಾರದವಳು ಏಳಲಿಲ್ಲ. ಅವಳ ಒಂದು ಕಣ್ಣಿನಲ್ಲಿ ಭೂತಗನ್ನಡಿ ಇನ್ನೂ ಸಿಕ್ಕಿಕೊಂಡೇ ಇತ್ತು. ದಿನವಿಡೀ ಗಂಟೆ ನಿಮಿಷಗಳ ಜೊತೆ ಬದುಕುವವಳು. ಯಾವ ವಸ್ತು ಕೈಗೆ ಬಂದರೂ ಅದು ಹೊತ್ತೆಷ್ಟು ತೋರಿಸುತ್ತಿದೆ ಎಂದು ಮೊದಲು ನೋಡುವವಳು. ಕರಡಕ್ಕನ ಹೆಬ್ಬೆರಳನ್ನು ಮೆಲ್ಲಗೆ, ಮುಳ್ಳು ಸರಿಸುವಷ್ಟೇ ಮೆಲ್ಲಗೆ, ಪಕ್ಕಕ್ಕೆ ಸರಿಸಿದಳು.

ನೇರಳೆ ಮೊಹರಿನೊಳಗೆ ಹನ್ನೆರಡನೇ ತಾರೀಕು ಎಂದಿತ್ತು. ಸಂಜೆ ನಾಲ್ಕು ಗಂಟೆ.

ಬಾಗಿಲ ಹಿಡಿ ತಿರುಗಿತು.

“ಅಕ್ಕಾ,” ಎಂದಳು ಅವಳು, ಕಣ್ಣಿನಿಂದ ಗಾಜು ತೆಗೆಯದೆಯೇ. “ನಮ್ಮಪ್ಪ ಸತ್ತಿದ್ದು ಹದಿಮೂರನೇ ತಾರೀಕು ಬೆಳಗಿನ ಜಾವ ಅಲ್ವಾ?”